ಅಯೋರ್ಟಾ ಸೀಳಿ ಆಪರೇಷನ್ ಆದವರನ್ನು ಮನೆಗೆ ಕರೆತಂದ ಮೇಲೆ ನೋಡಿಕೊಳ್ಳುವುದು ಹೇಗೆ

ಡಿಸ್ಚಾರ್ಜ್ ದಿನ ಮನೆಯವರು ಬಿಲ್ಲು ಕಟ್ಟಿ, ಮಾತ್ರೆ ಚೀಲ ಹಿಡಿದುಕೊಂಡು ಬಂದು ಕೇಳುವುದು ಒಂದೇ ಮಾತು: "ಸಿಸ್ಟರ್, ಆಪರೇಷನ್ ಆಯ್ತಲ್ಲ, ಇನ್ನೇನೂ ತೊಂದರೆ ಇಲ್ಲ ಅಲ್ವಾ?" ನಾನು ಹೃದಯದ ಆಪರೇಷನ್ ವಾರ್ಡಿನಲ್ಲಿ ನರ್ಸ್. ಬೇರೆ ಆಪರೇಷನ್ ಆದವರಿಗೆ "ಏನೂ ಇಲ್ಲ, ಹೋಗಿ ಬನ್ನಿ" ಅಂತ ಧೈರ್ಯ ಹೇಳಿ ಕಳಿಸುತ್ತೇನೆ. ಅಯೋರ್ಟಾ ಸೀಳಿ ಬಂದವರ ಮನೆಯವರನ್ನು ಮಾತ್ರ ಕೂರಿಸಿಕೊಂಡು ಮಾತಾಡುತ್ತೇನೆ. ಆ ಮಾತನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವೇ ಅಯೋರ್ಟಾ. ಎದೆಯಲ್ಲಿ ಮೇಲಕ್ಕೆ ಹೋಗಿ, ಬಾಗಿ, ಬೆನ್ನುಮೂಳೆಯ ಪಕ್ಕದಲ್ಲೇ ಹೊಟ್ಟೆಯವರೆಗೆ ಇಳಿಯುತ್ತದೆ. ಅದರ ಗೋಡೆಗೆ ಮೂರು ಪದರ. ಒಳಪದರ ಎಲ್ಲೋ ಒಂದು ಕಡೆ ಹರಿದರೆ ರಕ್ತ ಪದರಗಳ ನಡುವೆ ನುಗ್ಗುತ್ತದೆ. ಹಳೇ ಚೀಲದ ಒಳಗಿನ ಅಸ್ತರು ಕಿತ್ತುಬರುವ ಹಾಗೆ ಗೋಡೆ ಉದ್ದಕ್ಕೂ ಬಿಟ್ಟುಕೊಳ್ಳುತ್ತಾ ಹೋಗುತ್ತದೆ. ಡಾಕ್ಟರುಗಳು ಇದನ್ನೇ ಅಯೋರ್ಟಿಕ್ ಡಿಸೆಕ್ಷನ್ ಅನ್ನುತ್ತಾರೆ. ಹೃದಯದ ಹತ್ತಿರದ ಭಾಗ ಸೀಳಿದ್ದರೆ ಅದಕ್ಕೆ ಟೈಪ್ ಎ ಅನ್ನುತ್ತಾರೆ. ಆಗ ಕಾಯುವಂತಿಲ್ಲ. ಮೊದಲ ಎರಡು ದಿನ ಆಪರೇಷನ್ ಇಲ್ಲದೆ ಕಳೆಯುವ ಪ್ರತಿ ಗಂಟೆಗೂ ಸಾವಿನ ಅಪಾಯ ಶೇಕಡಾ 1ರಿಂದ 2ರಷ್ಟು ಏರುತ್ತದೆ ಅನ್ನುವುದು ಹಳೆಯ ಲೆಕ್ಕ. ಅದಕ್ಕೇ ರಾತ್ರಿ ಎರಡಕ್ಕೂ ಸರ್ಜನ್ನರನ್ನು ಎಬ್ಬಿಸುತ್ತೇವೆ.

ಆಪರೇಷನ್‌ನಲ್ಲಿ ಹೃದಯದ ಹತ್ತಿರದ ತುಂಡನ್ನು ತೆಗೆದು ಡೇಕ್ರಾನ್ ಬಟ್ಟೆಯ ಟ್ಯೂಬ್ ಹೊಲಿಯುತ್ತಾರೆ. ಅದಕ್ಕೆ ಗ್ರಾಫ್ಟ್ ಅನ್ನುತ್ತಾರೆ. ಆದರೆ ಬಹಳ ಜನರಲ್ಲಿ ಸೀಳು ಅಷ್ಟಕ್ಕೇ ನಿಂತಿರುವುದಿಲ್ಲ. ಹೊಟ್ಟೆಯವರೆಗೆ, ಕೆಲವರಿಗೆ ತೊಡೆಯವರೆಗೂ ಇಳಿದಿರುತ್ತದೆ. ಅಷ್ಟುದ್ದ ನಾಳವನ್ನು ಒಂದೇ ಸಲಕ್ಕೆ ಬದಲಾಯಿಸಲು ಆಗುವುದಿಲ್ಲ. ಪ್ರಾಣ ತೆಗೆಯುವ ಭಾಗವನ್ನು ಸರಿಮಾಡಿ, ಉಳಿದದ್ದನ್ನು ಹಾಗೇ ಬಿಡುತ್ತಾರೆ. ಅಂದರೆ ಮನೆಗೆ ಬಂದವರ ಬೆನ್ನಿನ ಕಡೆ ಸೀಳಿದ ನಾಳ ಇನ್ನೂ ಇರಬಹುದು. ಮನೆಯಲ್ಲಿ ಮಾಡಬೇಕಾದ ಕೆಲಸವೆಲ್ಲ ಈ ಉಳಿದ ನಾಳಕ್ಕಾಗಿ.

ಇಲ್ಲಿ ಬರೆದದ್ದಕ್ಕೂ ನಿಮ್ಮ ಸರ್ಜನ್ ಚೀಟಿಯಲ್ಲಿ ಬರೆದದ್ದಕ್ಕೂ ವ್ಯತ್ಯಾಸ ಕಂಡರೆ ಅವರ ಮಾತೇ ನಡೆಯಲಿ.

ಐಸಿಯುನಲ್ಲಿ ಇರುವಾಗ

ತಿಪಟೂರಿನ ಕಡೆ ತೆಂಗಿನ ತೋಟ ಇರುವ ನನ್ನ ಸೋದರಮಾವನಿಗೂ ಇದೇ ಆಪರೇಷನ್ ಆಯಿತು. ವೆಂಟಿಲೇಟರ್ ತೆಗೆದ ಮೇಲೆ ನಾನು ಮಂಚದ ಹತ್ತಿರ ಹೋದರೆ ಮಾವ ಪಿಸುಮಾತಿನಲ್ಲಿ, "ಪುಟ್ಟಿ, ತೋಟಕ್ಕೆ ಯಾರೋ ನುಗ್ಗವ್ರೆ. ಮಾನಿಟರ್ ಹಿಂದೆ ನಿಂತು ಕಾಯಿ ಕೀಳ್ತಾ ಅವ್ರೆ. ಓಡ್ಸು" ಅಂದರು. ಅತ್ತೆ ಹೊರಗೆ ಹೋಗಿ ಅತ್ತರು, ಗಂಡನಿಗೆ ಬುದ್ಧಿಭ್ರಮಣೆ ಆಯಿತು ಅಂತ.

ಇದು ಡೆಲಿರಿಯಂ. ದೊಡ್ಡ ಆಪರೇಷನ್ ಆದವರಲ್ಲಿ ನಾವು ಮೇಲಿಂದ ಮೇಲೆ ನೋಡುವಂಥದ್ದು. ಆಪರೇಷನ್ ಹೊತ್ತಿನಲ್ಲಿ ಹೃದಯ, ಶ್ವಾಸಕೋಶದ ಕೆಲಸ ಮಾಡುವ ಹಾರ್ಟ್-ಲಂಗ್ ಮೆಷಿನ್, ಮೈಯನ್ನು ತಣ್ಣಗೆ ಮಾಡಿ ರಕ್ತದ ಓಡಾಟವನ್ನೇ ಸ್ವಲ್ಪ ಹೊತ್ತು ನಿಲ್ಲಿಸುವುದು, ನೋವಿನ ಔಷಧಿ, ನಿದ್ದೆ ಇಲ್ಲದ ಐಸಿಯು, ಎಲ್ಲಾ ಸೇರಿ ಹೀಗಾಗುತ್ತದೆ. ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ತಿಳಿಯಾಗುತ್ತದೆ. ವಾದ ಮಾಡಬೇಡಿ. "ಇಲ್ಲಿ ಯಾರೂ ಇಲ್ಲ" ಅಂತ ರೇಗಿದರೆ ಅವರ ಭಯ ಜಾಸ್ತಿ ಆಗುತ್ತದೆ. ಕನ್ನಡಕ ಹಾಕಿಸಿ. ಕಿವಿಯ ಮೆಷಿನ್ ಇದ್ದರೆ ತಂದುಕೊಡಿ. ಇವತ್ತು ಯಾವ ವಾರ, ಈಗ ಬೆಳಿಗ್ಗೆಯೋ ಸಂಜೆಯೋ ಅಂತ ಹೇಳುತ್ತಾ ಇರಿ. ನಾನು ಮಾವನಿಗೆ "ಓಡ್ಸಿದೀನಿ, ಮಲಗಿ" ಅಂದೆ. ಮಲಗಿದರು. ಆದರೆ ಮಾತು ತೊದಲಿದರೆ, ಬಾಯಿ ಓರೆ ಆದರೆ, ಒಂದು ಕೈಯೋ ಕಾಲೋ ಎತ್ತಲು ಆಗದಿದ್ದರೆ ಅದು ಬರೀ ಡೆಲಿರಿಯಂ ಇರಲಾರದು. ಪಾರ್ಶ್ವವಾಯು ಇರಬಹುದು. ಬೆನ್ನುಹುರಿಗೆ ರಕ್ತ ಕಡಿಮೆಯಾಗಿ ಎರಡೂ ಕಾಲಿನ ಶಕ್ತಿ ಹೋಗುವುದೂ ಉಂಟು. ನೋಡಲು ಹೋದಾಗ ಇಂಥದ್ದು ಕಂಡರೆ ಅಲ್ಲೇ ನರ್ಸ್‌ಗೆ ಹೇಳಿ.

ಮೊದಲ ದಿನಗಳಲ್ಲಿ ಇನ್ನೊಂದಷ್ಟು ತೊಂದರೆ ಬರಬಹುದು. ರಕ್ತ ನಿಲ್ಲದೆ ಮತ್ತೆ ಥಿಯೇಟರಿಗೆ ಕರೆದೊಯ್ಯುವುದು ಒಂದು. ಸೀಳು ಕಿಡ್ನಿಯ ನಾಳಕ್ಕೆ ಅಡ್ಡವಾಗಿದ್ದರೆ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತಪರೀಕ್ಷೆ) ಏರಿ ಡಯಾಲಿಸಿಸ್ ಬೇಕಾಗಬಹುದು. ಡಯಾಲಿಸಿಸ್ ಅಂದ ಕೂಡಲೇ ಜೀವನಪೂರ್ತಿ ಅಂತ ತಿಳಿಯಬೇಡಿ. ಕೆಲವರಿಗೆ ಕೆಲವೇ ದಿನ ಬೇಕಾಗುತ್ತದೆ.

ದಿನ ಎಳೆಯುತ್ತಾ ಹೋದಾಗ ಮನೆಯವರಿಗೆ ನಾನು ಹೇಳುವುದು ಡಾ. ಮೈಕೆಲ್ ಡಿಬೇಕಿ ಅವರ ಕಥೆ. ಅಮೆರಿಕದ ಹ್ಯೂಸ್ಟನ್ನಿನ ಸರ್ಜನ್. ಅಯೋರ್ಟಾ ಸೀಳಿಗೆ ಆಪರೇಷನ್ ಮಾಡುವ ದಾರಿ ಹಾಕಿದವರಲ್ಲಿ ಮೊದಲಿಗರು. 2005ರ ಡಿಸೆಂಬರ್ 31ರಂದು, 97ನೇ ವಯಸ್ಸಿನಲ್ಲಿ, ಅವರಿಗೇ ಈ ಕಾಯಿಲೆ ಬಂತು. 2006ರ ಫೆಬ್ರವರಿಯಲ್ಲಿ ಆಪರೇಷನ್ ಆಯಿತು. ಆಮೇಲೆ ವೆಂಟಿಲೇಟರ್, ಗಂಟಲಿಗೆ ಟ್ಯೂಬ್, ಡಯಾಲಿಸಿಸ್ ಎಲ್ಲ ಆಗಿ, ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಮನೆಗೆ ಹೋದರು. 2008ರ ಜುಲೈವರೆಗೆ ಬದುಕಿದ್ದರು. ಆ ವಯಸ್ಸಿನಲ್ಲಿ ಎಲ್ಲರಿಗೂ ಹೀಗಾಗುತ್ತದೆ ಅಂತಲ್ಲ. ನಿಧಾನ ಆಯಿತು ಅಂದ ಮಾತ್ರಕ್ಕೆ ಕೈಬಿಟ್ಟಿತು ಅಂತ ಅಲ್ಲ, ಅಷ್ಟೇ.

ಬಿಪಿ: ಯಾವ ಕೈಯಲ್ಲಿ ನೋಡಬೇಕು?

ಮನೆಯಲ್ಲಿ ಒಂದೇ ಒಂದು ಕೆಲಸ ಮಾಡಲು ಸಾಧ್ಯ ಅಂದರೆ ಬಿಪಿ ನೋಡಿ ಬರೆದಿಡಿ. ಒತ್ತಡ ಜಾಸ್ತಿ ಆದಷ್ಟೂ ಉಳಿದ ಸೀಳು ಹಿಗ್ಗುತ್ತದೆ. ಮೇಲಿನದು 130ರ ಒಳಗೆ, ಕೆಳಗಿನದು 80ರ ಒಳಗೆ ಇರಲಿ ಅನ್ನುವುದು ಸಾಮಾನ್ಯ ಗುರಿ. 120ರ ಆಸುಪಾಸೇ ಇರಲಿ ಅನ್ನುವ ಡಾಕ್ಟರೂ ಇದ್ದಾರೆ. ನಿಮ್ಮವರಿಗೆ ಎಷ್ಟು ಅಂತ ಕೇಳಿ, ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳಿ.

ತೋಳಿಗೆ ಕಟ್ಟುವ ಮೆಷಿನ್ ಕೊಳ್ಳಿ, ಮಣಿಕಟ್ಟಿನದು ಬೇಡ. ಕಾಫಿ ಕುಡಿದು ಅರ್ಧ ಗಂಟೆ ಆಗಿರಲಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಎರಡೂ ಪಾದ ನೆಲಕ್ಕೆ ಊರಿ, ಐದು ನಿಮಿಷ ಸುಮ್ನೆ ಕೂರಿಸಿ. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ. ಬೆಳಿಗ್ಗೆ ಮಾತ್ರೆಗೆ ಮುಂಚೆ ಒಮ್ಮೆ, ಸಂಜೆ ಒಮ್ಮೆ. ಪಕ್ಕದಲ್ಲೇ ನಾಡಿ ಎಷ್ಟು ಅಂತಲೂ ಬರೆಯಿರಿ.

ಈಗ ಮುಖ್ಯ ವಿಷಯ. ಸೀಳು ಕೈಗೆ ಹೋಗುವ ನಾಳದೊಳಕ್ಕೂ ಹೋಗಿದ್ದರೆ ಆ ಕೈಯಲ್ಲಿ ಬಿಪಿ ಸುಳ್ಳೇ ಕಡಿಮೆ ತೋರಿಸುತ್ತದೆ. ಮಾವನಿಗೆ ಬಲಗೈಯಲ್ಲಿ 104 ಇದ್ದರೆ ಎಡಗೈಯಲ್ಲಿ 138. ಊರಿಗೆ ಹೋದ ಮೇಲೆ ಒಂದು ಕ್ಲಿನಿಕ್ಕಿನಲ್ಲಿ ಬಲಗೈ ನೋಡಿ, "ಬಿಪಿ ಲೋ ಇದೆ, ಮಾತ್ರೆ ಅರ್ಧ ಮಾಡಿ" ಅಂದರಂತೆ. ಅತ್ತೆ ಪುಣ್ಯಾತ್ಗಿತ್ತಿ, ಫೋನ್ ಮಾಡಿದರು. ಎಡಗೈಗೆ ಕಟ್ಟಿ ನೋಡಿ ಅಂದೆ. ನೂರ ನಲವತ್ತರ ಹತ್ತಿರ! ಮಾತ್ರೆ ಅರ್ಧ ಮಾಡಲಿಲ್ಲ. ಈಗ ಅವರ ಫೈಲಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ಬರೆದಿದೆ: "ಬಿಪಿ ವಾಚ್ ಕಟ್ಟೋ ಕೈಯಲ್ಲೇ ನೋಡಿ." ಮನೆಗೆ ಬಂದ ಮೊದಲ ದಿನವೇ ಎರಡೂ ಕೈ ನೋಡಿ. ಯಾವುದರಲ್ಲಿ ಜಾಸ್ತಿಯೋ ಅದೇ ನಿಮ್ಮ ಲೆಕ್ಕದ ಕೈ. ಹೋದ ಕಡೆಯೆಲ್ಲ ಆ ಕೈಯನ್ನೇ ಮುಂದೆ ಚಾಚಲು ಹೇಳಿಕೊಡಿ.

ಮೆಟೊಪ್ರೊಲಾಲ್ ಥರದ ಮಾತ್ರೆ ಬಿಪಿ ಇಳಿಸುವುದಲ್ಲದೆ ಹೃದಯದ ಹೊಡೆತದ ರಭಸವನ್ನೂ ತಗ್ಗಿಸುತ್ತದೆ. ಅದನ್ನು ಒಮ್ಮೆಲೇ ನಿಲ್ಲಿಸಿದರೆ ಬಿಪಿ, ನಾಡಿ ಎರಡೂ ಚಿಮ್ಮುತ್ತವೆ. ಮದುವೆಗೆ ಹೊರಟಾಗ, ಉಪವಾಸ ಇದ್ದಾಗ, ಮಾತ್ರೆ ಮುಗಿದು ಮೆಡಿಕಲ್ ಶಾಪ್ ಮುಚ್ಚಿದಾಗ, ಯಾವತ್ತೂ ತಪ್ಪಿಸಬೇಡಿ. ಒಂದು ವಾರದ್ದು ಮುಂಚೆಯೇ ತಂದಿಟ್ಟುಕೊಳ್ಳಿ. ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ. ಅಂದರೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಮರೆಯಬೇಕು. ಬೀಡಿ, ಹೊಗೆಸೊಪ್ಪು ಪೂರ್ತಿ ಬಂದ್. ಎಲೆ ಅಡಿಕೆ ಜೊತೆ "ಚೂರೇ ಚೂರು" ಹೊಗೆಸೊಪ್ಪು ಅನ್ನುವುದೂ ಬಂದ್.

ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಮಾತ್ರೆಗಳು

ನಮ್ಮಲ್ಲಿ ಬೇಧಿ ಆದರೆ, ಉರಿಮೂತ್ರ ಬಂದರೆ, ಅಂಗಡಿಯವನೇ ಸಿಪ್ರೊಫ್ಲಾಕ್ಸಸಿನ್, ಆಫ್ಲಾಕ್ಸಸಿನ್ ಕೊಟ್ಟುಬಿಡುತ್ತಾನೆ. ಲಿವೊಫ್ಲಾಕ್ಸಸಿನ್ ಕೂಡ ಇದೇ ಗುಂಪು. ಈ ಗುಂಪಿನ ಆಂಟಿಬಯಾಟಿಕ್‌ಗಳಿಂದ ಅಯೋರ್ಟಾ ಸೀಳುವ ಅಪಾಯ ಹೆಚ್ಚಬಹುದು, ಅಯೋರ್ಟಾ ತೊಂದರೆ ಇರುವವರಿಗೆ ಬೇರೆ ದಾರಿ ಇದ್ದರೆ ಕೊಡಬೇಡಿ ಅಂತ ಅಮೆರಿಕದ ಔಷಧಿ ಇಲಾಖೆ ಎಫ್‌ಡಿಎ 2018ರ ಡಿಸೆಂಬರ್‌ನಲ್ಲೇ ಎಚ್ಚರಿಸಿದೆ. ಹೆಸರು "ಫ್ಲಾಕ್ಸಸಿನ್" ಅಂತ ಮುಗಿದರೆ ವಾಪಸ್ ಕೊಟ್ಟು ಡಾಕ್ಟರಿಗೆ ಫೋನ್ ಮಾಡಿ. ನಾನು ವಾರ್ಡಿನಲ್ಲಿ ಹೇಳಿಕೊಡುವ ಮಾತುಗಳಲ್ಲಿ ಜನಕ್ಕೆ ತಟ್ಟನೆ ನೆನಪುಳಿಯುವುದು ಇದೇ.

ನೆಗಡಿ ಮಾತ್ರೆಗಳಲ್ಲಿ ಬಹಳಷ್ಟಕ್ಕೆ ಫಿನೈಲೆಫ್ರಿನ್ ಸೇರಿಸಿರುತ್ತಾರೆ. ಅದು ರಕ್ತನಾಳ ಬಿಗಿಯುತ್ತದೆ, ಬಿಪಿ ಏರಿಸಬಹುದು. ಮೂಗು ಕಟ್ಟಿದರೆ ಬಿಸಿನೀರಿನ ಹಬೆ ಸಾಕು. ಮಂಡಿನೋವಿಗೆ ಡೈಕ್ಲೊಫಿನ್ಯಾಕ್, ಐಬುಪ್ರೊಫೇನ್ ಬೇಡ. ಬಿಪಿಯನ್ನೂ ಏರಿಸುತ್ತವೆ, ಕಿಡ್ನಿಯನ್ನೂ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಆಗಬಹುದು, ಎಷ್ಟು ಅಂತ ಕೇಳಿಕೊಂಡು.

ಅಯೋರ್ಟಾ ಜೊತೆ ಹೃದಯದ ಕವಾಟವನ್ನೂ (ವಾಲ್ವ್) ಬದಲಾಯಿಸಿ ಲೋಹದ್ದು ಹಾಕಿದ್ದರೆ ರಕ್ತ ತೆಳುವಾಗಿಸುವ ಅಸಿಟ್ರೊಮ್ ಅಥವಾ ವಾರ್ಫರಿನ್ ಬದುಕಿರುವವರೆಗೂ ಇರುತ್ತದೆ. ಐಎನ್‌ಆರ್ ಪರೀಕ್ಷೆಯ (ರಕ್ತ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ಅಂತ ನೋಡುವುದು) ತಾರೀಕು ತಪ್ಪಬಾರದು. ಸೊಪ್ಪು ತಿನ್ನಲೇಬಾರದು ಅಂತ ಯಾರೋ ಹೇಳಿರುತ್ತಾರೆ. ಹಾಗೇನಿಲ್ಲ. ವಾರ ವಾರ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಲಿ. ತಿಂಗಳೆಲ್ಲ ಬಿಟ್ಟು, ಆಮೇಲೆ ಮೂರು ದಿನ ಮೂರು ಹೊತ್ತು ಬಸ್ಸಾರು ಉಂಡರೆ ಐಎನ್‌ಆರ್ ಏರುಪೇರಾಗುತ್ತದೆ. ಹಲ್ಲು ಕೀಳಿಸುವ ಮುಂಚೆ ಕವಾಟದ ವಿಷಯ ಹೇಳಬೇಕು. ಮೊದಲೇ ಆಂಟಿಬಯಾಟಿಕ್ ಬೇಕಾಗುತ್ತದೆ.

ಎದೆಮೂಳೆ, ಗಾಯ, ಗಂಟಲು

ಎದೆಮೂಳೆಯನ್ನು ನಡುವೆ ಕೊಯ್ದು, ತಂತಿ ಹಾಕಿ ಜೋಡಿಸಿರುತ್ತಾರೆ. ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಒಂದು ಲೀಟರಿನ ಎರಡು ಬಾಟಲಿ ಎತ್ತಬಹುದು, ತುಂಬಿದ ಬಿಂದಿಗೆ ಎತ್ತುವಂತಿಲ್ಲ. ಏಳುವಾಗ ಕೈ ಊರಿ ಏಳಬಾರದು. ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಟ್ಟು, ಆಮೇಲೆ ಮೇಲೇಳಬೇಕು. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅಪ್ಪಿ ಕೆಮ್ಮಲಿ. ಸ್ಕೂಟರ್ ಓಡಿಸುವುದು ಸರ್ಜನ್ ಒಪ್ಪಿದ ಮೇಲೇ.

ಮೂಳೆ ಕೂಡಿದ ಮೇಲೂ ಉಸಿರು ಕಟ್ಟಿ ತಿಣುಕುವ ಕೆಲಸ ಬೇಡ. ಆ ಕ್ಷಣ ಬಿಪಿ ಸರ್ರನೆ ಏರುತ್ತದೆ. ನಮ್ಮ ಮಾವನಿಗೆ ಇದು ಹಿಡಿಸುವುದಿಲ್ಲ. ಕೊಬ್ಬರಿ ಮೂಟೆಗೆ ಕೈ ಹಾಕುವಂತಿಲ್ಲ, ಕಾಯಿ ಸುಲಿಯುವಂತಿಲ್ಲ. "ಒಂದೇ ಒಂದು ಕಾಯಿ ಕಣೇ" ಅನ್ನುತ್ತಾರೆ. ಸುಲಿಯುವಾಗ ಇಡೀ ಮೈಭಾರ ಕಾಯಿಯ ಮೇಲೆ ಬಿಡಬೇಕು, ಹಲ್ಲು ಕಚ್ಚಬೇಕು. ಬೇಡ ಅಂದರೆ ಬೇಡ. ತೋಟದಲ್ಲಿ ನಡೆಯಲಿ, ಆಳುಗಳಿಗೆ ಲೆಕ್ಕ ಹೇಳಲಿ. ನಡೆಯುವುದು ಒಳ್ಳೆಯದೇ. ಮಾತಾಡುತ್ತಾ ನಡೆಯಲು ಆಗುವಷ್ಟು ವೇಗ ಸಾಕು. ಮಲಬದ್ಧತೆಯೂ ಇದೇ ಲೆಕ್ಕ. ತಿಣುಕಿದರೆ ಬಿಪಿ ಏರುತ್ತದೆ. ಇಸಬ್ಗೋಲ್, ಹಣ್ಣು, ನೀರು ಇರಲಿ. ಡಾಕ್ಟರು ನೀರಿಗೆ ಮಿತಿ ಹಾಕಿದ್ದರೆ ಅಷ್ಟೇ. ಮನೆಯಲ್ಲಿ ಕೂತು ಏಳುವ ಕಕ್ಕಸು ಇದ್ದರೆ ಮೇಲೆ ಕಮೋಡ್ ಸ್ಟೂಲ್ ಇಡಿ.

ಗಾಯವನ್ನು ದಿನಾ ಬೆಳಕಿನಲ್ಲಿ ನೋಡಿ. ಕೆಂಪಾಗಿ ಊದಿದರೆ, ಕೀವು ಬಂದರೆ, ಜ್ವರ 100.4 ಫ್ಯಾರನ್‌ಹೀಟ್ ದಾಟಿದರೆ, ಮಗ್ಗುಲು ಬದಲಿಸುವಾಗ ಎದೆಯಲ್ಲಿ ಕಟಕ್ ಅಂತ ಸದ್ದಾದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ, ಎಣ್ಣೆ, ಬೂದಿ ಏನೂ ಹಚ್ಚಬೇಡಿ. ಹಾರ್ಟ್-ಲಂಗ್ ಮೆಷಿನ್ನಿನ ಟ್ಯೂಬ್ ಹಾಕಲು ತೊಡೆಸಂದಿನಲ್ಲೋ ಭುಜದ ಕೆಳಗೋ ಕೊಯ್ದಿರುತ್ತಾರೆ. ಆ ಗಾಯವನ್ನು ಜನ ಮರೆತೇಬಿಡುತ್ತಾರೆ. ಅಲ್ಲಿ ನೀರಿನಂಥ ದ್ರವ ಜಿನುಗುತ್ತಿದ್ದರೆ ತೋರಿಸಿ.

ಧ್ವನಿ ಒಡೆದುಹೋಗಿದ್ದರೆ ಗಾಬರಿ ಬೇಡ, ಉದಾಸೀನವೂ ಬೇಡ. ಧ್ವನಿಪೆಟ್ಟಿಗೆಯ ಎಡಗಡೆಯ ನರ ಅಯೋರ್ಟಾದ ಬಾಗನ್ನು ಸುತ್ತಿಕೊಂಡೇ ಮೇಲೆ ಹೋಗುತ್ತದೆ. ಆಪರೇಷನ್ನಿನಲ್ಲಿ ಅದಕ್ಕೆ ಪೆಟ್ಟಾಗಿರಬಹುದು. ಇಂಥವರಿಗೆ ತೆಳ್ಳಗಿನ ನೀರು ಕುಡಿದರೆ ನೆತ್ತಿಗೇರುತ್ತದೆ, ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ನೆಟ್ಟಗೆ ಕೂರಿಸಿ, ಗಲ್ಲ ಎದೆಯ ಕಡೆ ಬಾಗಿಸಿ, ಚಿಕ್ಕ ಗುಟುಕು ಕೊಡಿ. ಮಂದಗಿನ ರಾಗಿ ಗಂಜಿ ಸಲೀಸಾಗಿ ಇಳಿಯುತ್ತದೆ. ಪ್ರತಿ ಗುಟುಕಿಗೂ ಕೆಮ್ಮು ಬಂದರೆ ಬಾಯಲ್ಲಿ ಕೊಡುವುದನ್ನು ನಿಲ್ಲಿಸಿ ಇಎನ್‌ಟಿ ಡಾಕ್ಟರಿಗೆ ತೋರಿಸಿ.

ಬೆಳಿಗ್ಗೆ ಎದ್ದು ಕಕ್ಕಸಿಗೆ ಹೋಗಿಬಂದ ಮೇಲೆ ತೂಕ ನೋಡುವ ಅಭ್ಯಾಸ ಮಾಡಿ. ಎರಡು ದಿನದಲ್ಲಿ ಒಂದೂವರೆ ಎರಡು ಕಿಲೋ ಏರಿದರೆ ಅದು ಊಟದ ತೂಕ ಅಲ್ಲ, ನೀರು. ಹೃದಯದ ಸುತ್ತ, ಶ್ವಾಸಕೋಶದ ಸುತ್ತ ನೀರು ತುಂಬುವುದು ಮನೆಗೆ ಬಂದು ಕೆಲವು ವಾರ ಕಳೆದ ಮೇಲೂ ಆಗುತ್ತದೆ. ಉಬ್ಬಸ, ಕಾಲುಬಾವು, ತಲೆಸುತ್ತು, ಮಲಗಿದರೆ ಉಸಿರು ಸಿಗದಿರುವುದು, ಇವೆಲ್ಲ ಒಟ್ಟಿಗೆ ಬಂದು ಬಿಪಿ ಕುಸಿದರೆ ಕಾಯಬೇಡಿ. ಎಕೋ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್) ಮಾಡಿದರೆ ಗೊತ್ತಾಗುತ್ತದೆ. ನಾಡಿ ಅಡ್ಡಾದಿಡ್ಡಿ ಓಡಿದರೆ ಇಸಿಜಿ ಮಾಡಿಸಿ.

ಸಿಟಿ ಸ್ಕ್ಯಾನ್ ಮುಂದೂಡಬೇಡಿ

ಚೆನ್ನಾಗಿ ಓಡಾಡಿಕೊಂಡಿದ್ದಾರಲ್ಲ, ಮತ್ತೆ ಯಾಕೆ ಸ್ಕ್ಯಾನಿಗೆ ದುಡ್ಡು ಸುರಿಯೋದು? ಈ ಪ್ರಶ್ನೆ ಕೇಳದ ಮನೆಯೇ ಇಲ್ಲ. ಉಳಿದ ಸೀಳು ಹಿಗ್ಗುವಾಗ ನೋಯುವುದಿಲ್ಲ. ಗ್ರಾಫ್ಟ್ ಹೊಲಿಗೆಯ ಹತ್ತಿರ ರಕ್ತ ಜಿನುಗಿ ಗುಳ್ಳೆ ಕಟ್ಟಿದರೂ ಹೆಚ್ಚಾಗಿ ಗೊತ್ತಾಗುವುದಿಲ್ಲ. ಸ್ಕ್ಯಾನ್ ಮಾಡಿದರೆ ಮಾತ್ರ ಕಾಣುತ್ತದೆ. ಸಾಮಾನ್ಯವಾಗಿ ಒಂದು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ಏನೂ ಬದಲಾಗದಿದ್ದರೆ ವರ್ಷಕ್ಕೊಂದು ಸಲ.

ಹಳೇ ಸ್ಕ್ಯಾನಿನ ಸಿಡಿ ತೆಗೆದುಕೊಂಡೇ ಹೋಗಿ. ಸಾಧ್ಯವಾದರೆ ಅದೇ ಸೆಂಟರ್‌ನಲ್ಲಿ ಮಾಡಿಸಿ. "ನಾರ್ಮಲ್ಲಾ?" ಅಂತ ಕೇಳಿದರೆ ಉಪಯೋಗ ಇಲ್ಲ. "ಹಿಂದಿನ ಸಲ ಅದೇ ಜಾಗದಲ್ಲಿ ಎಷ್ಟು ಮಿಲಿಮೀಟರ್ ಇತ್ತು, ಈಗ ಎಷ್ಟಿದೆ?" ಅಂತ ಕೇಳಿ, ಬರೆದುಕೊಳ್ಳಿ. ಬೆನ್ನಿನ ಕಡೆಯ ನಾಳ 55 ಮಿಲಿಮೀಟರ್ ಮುಟ್ಟಿದರೆ ಅಥವಾ ಬೇಗಬೇಗ ಹಿಗ್ಗುತ್ತಿದ್ದರೆ ಇನ್ನೊಂದು ಚಿಕಿತ್ಸೆಯ ಮಾತು ಬರುತ್ತದೆ. ಕೆಲವರಿಗೆ ತೊಡೆಸಂದಿನಿಂದ ಸ್ಟೆಂಟ್ ಗ್ರಾಫ್ಟ್ ಕಳಿಸಿ ಕೂರಿಸಬಹುದು, ಕೆಲವರಿಗೆ ಮತ್ತೆ ತೆರೆಯಬೇಕಾಗುತ್ತದೆ. ಸ್ಕ್ಯಾನಿಗೆ ಮುಂಚೆ ಕ್ರಿಯಾಟಿನಿನ್ ನೋಡಿಸಿ, ಸ್ಕ್ಯಾನಿನಲ್ಲಿ ನಾಳ ಎದ್ದು ಕಾಣಲಿ ಅಂತ ಚುಚ್ಚುವ ಕಾಂಟ್ರಾಸ್ಟ್ ಔಷಧಿ ಕಿಡ್ನಿಗೆ ಭಾರ. ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ.

ಮತ್ತೆ ನೋವು ಬಂದರೆ

ಎದೆ ಅಥವಾ ಎರಡು ಭುಜದ ನಡುವೆ ಬೆನ್ನು ಇದ್ದಕ್ಕಿದ್ದಂತೆ ಸೀಳಿದ ಹಾಗೆ ನೋವು. ಎಚ್ಚರ ತಪ್ಪುವುದು. ಒಂದು ಕಾಲು ತಣ್ಣಗಾಗಿ ಶಕ್ತಿ ಹೋಗುವುದು. ಬಿಡದ ಹೊಟ್ಟೆನೋವು. ಮೂತ್ರ ಕಟ್ಟುವುದು. ಇವುಗಳಲ್ಲಿ ಯಾವುದೇ ಆದರೂ 108ಕ್ಕೆ ಫೋನ್ ಮಾಡಿ. ಗ್ಯಾಸ್ಟ್ರಿಕ್ ಇರಬಹುದು ಅಂತ ಸೋಡಾ ಕುಡಿಸುತ್ತಾ ಕೂರಬೇಡಿ.

ಹೋದ ಕೂಡಲೇ ಮೊದಲು ಹೇಳಬೇಕಾದ ಮಾತು: "ಇವರಿಗೆ ಅಯೋರ್ಟಿಕ್ ಡಿಸೆಕ್ಷನ್ ಆಪರೇಷನ್ ಆಗಿದೆ." ಎದೆನೋವು ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಹಾರ್ಟ್ ಅಟ್ಯಾಕ್. ನಮ್ಮ ರಾಜ್ಯದಲ್ಲಿ ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಸಿಗುತ್ತದೆ. ಹಾರ್ಟ್ ಅಟ್ಯಾಕ್ ಆದವರಿಗೆ ಅದು ಜೀವ ಉಳಿಸುವ ಇಂಜೆಕ್ಷನ್. ಸೀಳಿದ ಅಯೋರ್ಟಾಗೆ ಅದೇ ಕೊಟ್ಟರೆ ರಕ್ತ ನಿಲ್ಲದೆ ಜೀವಕ್ಕೇ ಸಂಚಕಾರ. ಹೇಳದಿದ್ದರೆ ಡ್ಯೂಟಿ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ರೋಗಿಗೆ ಆ ಹೊತ್ತಿನಲ್ಲಿ ಮಾತು ಬಾರದೆ ಇರಬಹುದು. ಅದಕ್ಕೇ ಒಂದು ಚೀಟಿ ಬರೆದು ಲ್ಯಾಮಿನೇಟ್ ಮಾಡಿಸಿ ಜೇಬಿನಲ್ಲಿ ಇಡಿ. ಕಾಯಿಲೆ ಮತ್ತು ಆಪರೇಷನ್ ಹೆಸರು, ತಾರೀಕು, ಯಾವ ಕವಾಟ, ಯಾವ ಮಾತ್ರೆ, ಯಾವ ಕೈಯಲ್ಲಿ ಬಿಪಿ, ಮನೆಯವರ ಫೋನ್ ನಂಬರ್. ಡಿಸ್ಚಾರ್ಜ್ ಸಮ್ಮರಿಯ ಫೋಟೋ ಮನೆಯ ಎಲ್ಲರ ಮೊಬೈಲಿನಲ್ಲೂ ಇರಲಿ.

ಮನೆಯ ಉಳಿದವರು

ಈ ಕಾಯಿಲೆ ಕೆಲವು ಕುಟುಂಬಗಳಲ್ಲಿ ರಕ್ತದಲ್ಲೇ ಹರಿದು ಬರುತ್ತದೆ. ರೋಗಿಯ ತಂದೆತಾಯಿ, ಒಡಹುಟ್ಟಿದವರು, ಮಕ್ಕಳು ಅಯೋರ್ಟಾ ಅಗಲ ನೋಡಿಸಿಕೊಳ್ಳಬೇಕು. ಮೊದಲಿಗೆ ಒಂದು ಎಕೋ ಸಾಕು. ಮನೆಯಲ್ಲಿ ಯಾರಾದರೂ ವಿಪರೀತ ಎತ್ತರ ಇದ್ದು, ಕೈಬೆರಳು ನೀಳವಾಗಿದ್ದರೆ ಮಾರ್ಫನ್ ಅನ್ನುವ ವಂಶವಾಹಿ ಕಾಯಿಲೆ ಇರಬಹುದೇ ಅಂತ ಕೇಳಿ. ಮಾವನ ದೊಡ್ಡ ಮಗ ಒಂದೇ ಮಾತಿಗೆ ಬಂದು ಮಾಡಿಸಿಕೊಂಡ. ಚಿಕ್ಕವನನ್ನು ಅತ್ತೆ ಬೈದು ಕಳಿಸಬೇಕಾಯಿತು. ಹೆಣ್ಣುಮಕ್ಕಳಿದ್ದರೆ ಬಸುರಿಯಾಗುವ ಮುಂಚೆಯೇ ಇದು ಆಗಲಿ. ಅಯೋರ್ಟಾ ಮೊದಲೇ ಹಿಗ್ಗಿದ್ದರೆ ಬಸಿರಿನಲ್ಲೂ ಹೆರಿಗೆಯಾದ ಮೇಲಿನ ವಾರಗಳಲ್ಲೂ ಸೀಳುವ ಅಪಾಯ ಹೆಚ್ಚು. ಎಕೋ ಸರಿ ಇದೆ ಅಂದರೂ ಮತ್ತೆ ಎಷ್ಟು ವರ್ಷಕ್ಕೆ ಬರಬೇಕು ಅಂತ ಕೇಳಿ, ಅದೇ ರಿಪೋರ್ಟಿನ ಮೇಲೆ ಬರೆಸಿಕೊಂಡು ಬನ್ನಿ.